ಹಿತ್ತಾಳೆಯ ಹಟ

ಲೋಹಗಳಿಗೂ ನೆನಪಿರುತ್ತದೆ ಎಂದು ಯಾರಾದರೂ ಹೇಳಿದರೆ ನೀವು ನಕ್ಕುಬಿಡಬಹುದು. ಮೂವತ್ತು ಚಿಲ್ಲರೆ ವರ್ಷ ಟೂಲ್ ರೂಮಿನಲ್ಲಿ ಮೈಕ್ರೋಮೀಟರ್ ಹಿಡಿದುಕೊಂಡೇ ಬದುಕಿದ ನನ್ನಂಥವನಿಗೆ ಮಾತ್ರ ಅದು ನಗುವ ಮಾತಲ್ಲ. ಒಂದು ತಂತಿಯನ್ನು ಒಂದೇ ಜಾಗದಲ್ಲಿ ನಾಲ್ಕು ಸಲ ಬಗ್ಗಿಸಿ ನೋಡಿ; ಐದನೆಯ ಸಲ ಅದು ಮೊದಲಿನಂತೆ ಬಗ್ಗುವುದಿಲ್ಲ. ಹಿಂದಿನ ನಾಲ್ಕರ ಲೆಕ್ಕ ಇಟ್ಟುಕೊಂಡೇ ಅದು ನಿಮ್ಮೆದುರು ಸೆಟೆದು ನಿಲ್ಲುತ್ತದೆ. ಹಿತ್ತಾಳೆಯಂತೂ ಈ ವಿಷಯದಲ್ಲಿ ನಮ್ಮ ಕಡೆಯ ದಾಯಾದಿಗಳನ್ನೂ ಮೀರಿಸಿದ್ದು. ಯಾವ ಕಾಲದಲ್ಲಿ ಯಾರು ಎಷ್ಟು ಒತ್ತಿದರು ಎಂಬುದನ್ನು ಅದು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಮೂರು ವರ್ಷಗಳ ಹಿಂದೆ ಇಂಥ ಹಿತ್ತಾಳೆಯ ಜೊತೆ ನಾನೂ ನನ್ನ ಗೆಳೆಯರೊಬ್ಬರೂ ಆರು ವಾರ ಹೆಣಗಿದೆವು.

ನಾನಿರುವುದು ಅಮೆರಿಕದ ಪೆನ್ಸಿಲ್ವೇನಿಯಾದ ಪಶ್ಚಿಮಕ್ಕಿರುವ ಒಂದು ಸಣ್ಣ ಊರಿನಲ್ಲಿ. ಹುಟ್ಟಿದ್ದು ತೀರ್ಥಹಳ್ಳಿಯ ಕಡೆ. ಗೆಳೆಯರು ಕೊಡಗಿನವರು, ನಿವೃತ್ತ ಡಾಕ್ಟರು. ಇಪ್ಪತ್ತು ಮೈಲಿ ಸುತ್ತಿನಲ್ಲಿ ಕನ್ನಡ ಮಾತಾಡುವವರು ನಾವೇ ಎರಡು ಮನೆ. ಹಾಗಾಗಿ ಅವರ ಮಾತು ಕೊಡವ ತಕ್ಕಿನದಾದರೂ ನನ್ನದು ಮಲೆನಾಡಿನ ಗೌಡರ ಕನ್ನಡವಾದರೂ ನಡುವೆ ಎಲ್ಲೋ ಸಂಧಿಸಿ, ಮೂವತ್ತು ವರ್ಷದಿಂದ ನಮ್ಮ ಸ್ನೇಹ ನಡೆದುಬಂದಿದೆ. ಅವರು ನನಗೆ 'ಗೌಡ್ರೇ' ಎನ್ನುತ್ತಾರೆ, ನಾನು ಅವರಿಗೆ 'ಡಾಕ್ಟ್ರೇ' ಎನ್ನುತ್ತೇನೆ. ಇಬ್ಬರಿಗೂ ಇನ್ನೊಬ್ಬರ ಹೆಸರು ಮರೆತೇಹೋಗಿದೆಯೇನೋ ಎಂದು ನಮ್ಮ ಮನೆಯಾಕೆ ಹಾಸ್ಯ ಮಾಡುವುದುಂಟು.

ಕೊಡಗಿನವರಿಗೂ ಕೋವಿಗೂ ಇರುವ ನಂಟನ್ನು ನಾನು ಹೇಳಬೇಕಾಗಿಲ್ಲ. ಸೆಪ್ಟೆಂಬರ್ ಮೊದಲಲ್ಲಿ ಕೈಲ್‌ಪೊಳ್ದ್ ಬಂತೆಂದರೆ ಕೋವಿಗೆ ಹೂವಿಟ್ಟು ಪೂಜೆ, ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ. ಆಯುಧದ ಲೈಸೆನ್ಸಿನಿಂದ ಕೊಡವರಿಗಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದಾಗ ನಮ್ಮ ಡಾಕ್ಟರು ಇಲ್ಲಿ ಪಾಯಸ ಮಾಡಿಸಿದ್ದರು. ಪೆನ್ಸಿಲ್ವೇನಿಯಾ ಅವರಿಗೆ ಒಗ್ಗಿದ್ದಕ್ಕೂ ಇದೇ ಕಾರಣವಿರಬೇಕು. ಇಲ್ಲಿ ಜಿಂಕೆಯ ಬೇಟೆ ಒಂದು ಹಬ್ಬ. ಥ್ಯಾಂಕ್ಸ್‌ಗಿವಿಂಗ್ ಮುಗಿದ ಸೋಮವಾರ ಬೇಟೆ ಶುರುವಾಗುವುದು ಬಹುಕಾಲದ ಪದ್ಧತಿ, ಆ ದಿನ ಶಾಲೆಗಳಿಗೂ ರಜೆ ಕೊಡುತ್ತಿದ್ದರು. 2019ರಿಂದ ಅದು ಶನಿವಾರಕ್ಕೆ ಬಂದಿದೆ.

ಡಾಕ್ಟರ ಬಳಿ ಇರುವುದು .308 ವಿಂಚೆಸ್ಟರ್ ತೋಟಾ ಹಾಕುವ ಒಂದು ಬೋಲ್ಟ್ ರೈಫಲ್. 1952ರಲ್ಲಿ ಮಾರುಕಟ್ಟೆಗೆ ಬಂದ ತೋಟಾ ಅದು. ಹೆಚ್ಚುಕಡಿಮೆ ಅದರದೇ ಅವಳಿ ತಮ್ಮ ನಮ್ಮ ಸೈನ್ಯದ ಹಳೆಯ ಎಸ್.ಎಲ್.ಆರ್. ರೈಫಲ್ಲಿನ 7.62 ತೋಟಾ. ಹಾರಿಸಿದ ಖಾಲಿ ತೋಟಾಗಳನ್ನು ಡಾಕ್ಟರು ಎಸೆಯುವುದಿಲ್ಲ. ಸುಟ್ಟ ಕೇಪು ತೆಗೆದು, ಹಿಗ್ಗಿದ ಕೇಸನ್ನು ಡೈಯೊಳಗೆ ಒತ್ತಿ ಅಳತೆಗೆ ತಂದು, ಹೊಸ ಕೇಪು, ಮದ್ದು, ಗುಂಡು ಕೂರಿಸಿ ಮತ್ತೆ ತೋಟಾ ಮಾಡುತ್ತಾರೆ. ಇಲ್ಲಿ ಇದು ಸಾವಿರಾರು ಜನ ಮಾಡುವ ಮನೆಗೆಲಸ, ನಮ್ಮಲ್ಲಿ ಉಪ್ಪಿನಕಾಯಿ ಹಾಕುವ ಹಾಗೆ.

ಚಿಕ್ಕಂದಿನಲ್ಲಿ ನಾನೂ ಇಂಥದೊಂದನ್ನು ನೋಡಿದ್ದೆ. 1972ರ ವನ್ಯಜೀವಿ ಕಾಯಿದೆ ಬರುವ ಮೊದಲಿನ ಮಾತು. ನನ್ನ ದೊಡ್ಡಪ್ಪ ಹನ್ನೆರಡನೇ ನಂಬರಿನ ತೋಟೆಕೋವಿಯ ಹಿತ್ತಾಳೆ ತೋಟಾಗಳಿಗೆ ಜಗಲಿಯ ಮೇಲೆ ಕೂತು ಮದ್ದು, ಚರೆ ತುಂಬುತ್ತಿದ್ದರು. ಅದಕ್ಕೆ ಪ್ರೆಸ್ಸೂ ಇಲ್ಲ, ಡೈಯೂ ಇಲ್ಲ. ಆ ತೋಟಾ ನೆಟ್ಟಗಿನ ಕೊಳವೆ. ಬುಡದ ಅಂಚು ನಳಿಗೆಯ ಬಾಯಿಗೆ ತಗುಲಿ ನಿಂತುಕೊಳ್ಳುತ್ತಿತ್ತು. ರೈಫಲ್ಲಿನ ತೋಟಾ ಹಾಗಲ್ಲ. ಅದಕ್ಕೆ ಮನುಷ್ಯರ ಹಾಗೆ ಕತ್ತು ಇದೆ, ಭುಜ ಇದೆ. ಚೇಂಬರಿನೊಳಗೆ ಅದು ನಿಲ್ಲುವುದು ಭುಜದ ಮೇಲೆ. ಹಿಂದೆ ಬೋಲ್ಟಿನ ಮುಖ, ಮುಂದೆ ಚೇಂಬರಿನ ಭುಜ, ನಡುವೆ ತೋಟಾ. ಈ ಅಂತರ ಸರಿಯಾಗಿ ಕೂತರೆ ಎಲ್ಲ ಸರಿ. .308ಕ್ಕೆ ಈ ಅಂತರ ನೋಡುವ ಗೇಜುಗಳಿವೆ: 'ಗೋ' 1.630 ಇಂಚು, 'ನೋ-ಗೋ' 1.634. ನಡುವೆ ಬರೀ ನಾಲ್ಕು ಥೌ. ಇಂಚಿನ ಸಾವಿರದ ಒಂದು ಭಾಗಕ್ಕೆ ನಾವು ಟೂಲ್ ರೂಮಿನವರು ಥೌ ಎನ್ನುತ್ತೇವೆ. ನಿಮ್ಮ ತಲೆಗೂದಲು ಹೆಚ್ಚುಕಡಿಮೆ ಮೂರು ಥೌ ದಪ್ಪವಿದ್ದೀತು.

ಅಕ್ಟೋಬರಿನ ಒಂದು ಸಂಜೆ ಡಾಕ್ಟರ ಫೋನು ಬಂತು.

"ಗೌಡ್ರೇ, ನಿಮ್ಮ ಅಳತೆ ಸಾಮಾನು ತಗೊಂಡು ಬನ್ನಿ. ಒಂದೇ ಡೈ, ಒಂದೇ ಪ್ರೆಸ್ಸು, ಒಂದೇ ಕೈ. ಆದ್ರೂ ಒಂದೊಂದು ಕೇಸು ಒಂದೊಂದು ಅಳತೆ ಬರ್ತದೆ. ನಂಗೆ ತಲೆ ಕೆಟ್ಟುಹೋಗಿದೆ."

ಹೋದೆ. ನೆಲಮಾಳಿಗೆಯ ಬೆಂಚಿನ ಮೇಲೆ ಡಾಕ್ಟರು ಒಂದು ನೋಟ್‌ಬುಕ್ಕಿನಲ್ಲಿ ರೋಗಿಯ ಜ್ವರ ಬರೆದಂತೆ ಅಂಕಿ ಬರೆದಿಟ್ಟಿದ್ದರು. ಬುಡದಿಂದ ಭುಜದವರೆಗಿನ ಅಳತೆ 1.622ರಿಂದ 1.631ರವರೆಗೆ ಎಲ್ಲೆಲ್ಲೋ ಇತ್ತು. ಒಂಬತ್ತು ಥೌ ವ್ಯತ್ಯಾಸ. ಹಾರಿಸಿದ ಕೇಸಿನ ಭುಜವನ್ನು ಒಂದೋ ಎರಡೋ ಥೌ ಹಿಂದಕ್ಕೆ ತಳ್ಳಿದರೆ ಸಾಕಾಗಿರುವ ಕಡೆ ಒಂಬತ್ತು ಥೌ ಅಂದರೆ ಅದು ಅಳತೆಯಲ್ಲ, ಜಾತ್ರೆ.

"ಹೊಸ ಡೈ ತರಿಸೋದಾ?" ಎಂದರು.

ಸಮಸ್ಯೆ ಬಂದ ಕೂಡಲೇ ಹೊಸದೊಂದನ್ನು ಕೊಳ್ಳುವುದು ಈ ದೇಶದ ಸ್ವಭಾವ. ಅದಕ್ಕೆ ತಕ್ಕಂತೆ ಅಂಗಡಿಗಳೂ ಒಂದೊಂದು ಥೌಗೆ ಒಂದೊಂದು ಉಪಕರಣ ಮಾರುತ್ತವೆ. ಆದರೆ ಡೈ ಎನ್ನುವುದು ಗಟ್ಟಿ ಉಕ್ಕಿನ ತೂತು. ಅದು ಬೆಳಿಗ್ಗೆ ಒಂದು ಅಳತೆ, ಸಂಜೆ ಒಂದು ಅಳತೆ ಆಗುವುದಿಲ್ಲ. ಬದಲಾಗದ್ದನ್ನು ಬಿಟ್ಟು ಬದಲಾಗುವುದನ್ನು ಹುಡುಕಬೇಕು. ಬದಲಾಗುವವು ಮೂರು: ಅಳೆಯುವ ಕೈ, ಒತ್ತುವ ಕೈ, ಮತ್ತೆ ಹಿತ್ತಾಳೆ.

"ಮೊದಲು ಥರ್ಮಾಮೀಟರ್ ನೋಡಣ ಡಾಕ್ಟ್ರೇ, ಜ್ವರ ಆಮೇಲೆ," ಎಂದೆ. ಒಂದೇ ಕೇಸನ್ನು ಹತ್ತು ಸಲ ಅಳೆಯಲು ಹೇಳಿದೆ. ಕ್ಯಾಲಿಪರಿನ ದವಡೆಗೆ ಸಿಕ್ಕಿಸುವ ಒಂದು ತುಂಡು ಬರುತ್ತದೆ. ಅದರ ತೂತು ಭುಜದ ಮೇಲೆ .400 ಇಂಚು ವ್ಯಾಸವಿರುವ ಜಾಗಕ್ಕೆ ಕೂರುತ್ತದೆ. ಡಾಕ್ಟರು ಅಳೆದರು. ಹತ್ತು ಸಲದಲ್ಲಿ ಎರಡು ಥೌ ಅತ್ತಿತ್ತ ಆಯಿತು. ಒಮ್ಮೆ ಗಟ್ಟಿಯಾಗಿ ಅದುಮುತ್ತಾರೆ, ಒಮ್ಮೆ ಹಗುರಾಗಿ. ಒಮ್ಮೆ ಕೇಸು ಸ್ವಲ್ಪ ವಾಲಿರುತ್ತದೆ. ಕೇಸನ್ನು ಮೆಲ್ಲನೆ ಸುತ್ತಿಸುತ್ತ, ಒಂದೇ ಒತ್ತಡದಲ್ಲಿ ದವಡೆ ಮುಚ್ಚುವ ಅಭ್ಯಾಸವಾದ ಮೇಲೆ ಆ ಎರಡು ಥೌ ಅರ್ಧಕ್ಕೆ ಇಳಿಯಿತು. ಇನ್ನೊಂದು ವಿಷಯವೂ ಹೊರಬಿತ್ತು. ಹಾರಿಸಿದ ಕೇಸನ್ನು ಅವರು ಸುಟ್ಟ ಕೇಪು ಒಳಗಿರುವಾಗಲೇ ಅಳೆಯುತ್ತಿದ್ದರು. ಡೈಗೆ ಹೋಗಿ ಬಂದ ಕೇಸಿನಲ್ಲಿ ಕೇಪು ಇರುವುದಿಲ್ಲ. ಸುಟ್ಟ ಕೇಪು ಬುಡದಿಂದ ಕೂದಲೆಳೆಯಷ್ಟು ಹೊರಗೆ ಉಬ್ಬಿದ್ದರೆ ಕ್ಯಾಲಿಪರು ಅದನ್ನೂ ಸೇರಿಸಿಯೇ ಹೇಳುತ್ತದೆ. ಅಂದರೆ ಹೋಲಿಕೆಗೆ ಇಟ್ಟುಕೊಂಡ ಅಳತೆಯೇ ಸುಳ್ಳು. ಕೇಪು ತೆಗೆದು ಅಳೆದಾಗ ಅವರ ರೈಫಲ್ಲಿನಲ್ಲಿ ಹಾರಿಸಿದ ಕೇಸಿನ ಭುಜ 1.630ರಲ್ಲಿ ಬಂತು. ಈ ಅಂಕಿಯನ್ನು ಗೇಜಿನ ಅಂಕಿಯ ಜೊತೆ ಹೋಲಿಸಬಾರದು. ಅದು ಆ ಕ್ಯಾಲಿಪರು, ಆ ತುಂಡು, ಆ ಕೈಯ ಅಂಕಿ. ಕೇಸಿಗೆ ಕೇಸನ್ನು ಹೋಲಿಸಲು ಮಾತ್ರ ಬಂದೀತು.

ಆ ವಾರ ಅಲ್ಲಿಗೆ ಮುಗಿಯಿತು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು ಎನ್ನುವುದು ನನ್ನ ಹಟ. ಡಾಕ್ಟರಿಗೆ ಇದು ಸರಿಬರಲಿಲ್ಲ. "ನಾವು ಮೂರು ಔಷಧಿ ಒಟ್ಟಿಗೆ ಬರೀತೇವೆ ಗೌಡ್ರೇ, ರೋಗಿ ಎದ್ದು ಕೂತ್ರೆ ಸಾಕು," ಎಂದು ಗೊಣಗಿದರು.

ಎರಡನೆಯ ವಾರ ಜಿಡ್ಡಿನ ಪರೀಕ್ಷೆ. ಜಿಡ್ಡಿಲ್ಲದೆ ಕೇಸನ್ನು ಡೈಯೊಳಗೆ ತಳ್ಳಿದರೆ ಅದು ಅಲ್ಲೇ ಕಚ್ಚಿಕೊಂಡು ಕೂರುತ್ತದೆ, ಸುತ್ತಿಗೆಗೂ ಬಗ್ಗುವುದಿಲ್ಲ. ಹೆಚ್ಚಾದರೆ ಭುಜದಲ್ಲಿ ಕುಳಿ ಬೀಳುತ್ತದೆ. ಡಾಕ್ಟರು ಬಳಸುತ್ತಿದ್ದದ್ದು ಕುರಿಯ ಉಣ್ಣೆಯಿಂದ ತೆಗೆಯುವ ಲ್ಯಾನೊಲಿನ್ ಜಿಡ್ಡನ್ನು ಆಲ್ಕೋಹಾಲಿನಲ್ಲಿ ಕರಗಿಸಿದ ಸ್ಪ್ರೇ. ಕೇಸುಗಳನ್ನು ತಟ್ಟೆಯಲ್ಲಿ ನಿಲ್ಲಿಸಿ ಒಂದು ಕಡೆಯಿಂದ ಹೊಡೆದು, ಆರುವ ಮೊದಲೇ ಕೆಲಸ ಶುರುಮಾಡುತ್ತಿದ್ದರು. ಒಂದು ಮಗ್ಗುಲು ಎಣ್ಣೆಸ್ನಾನ, ಇನ್ನೊಂದು ಮಗ್ಗುಲು ಉಪವಾಸ. ಕತ್ತಿನ ಒಳಗೆ ಏನೂ ಇಲ್ಲ. ಡೈಯ ನಡುವೆ ಒಂದು ಕಡ್ಡಿ, ಅದರಲ್ಲೊಂದು ಉಕ್ಕಿನ ಗುಂಡಿ ಇರುತ್ತದೆ. ಕೇಸು ಹೊರಗೆ ಬರುವಾಗ ಆ ಗುಂಡಿ ಕತ್ತಿನೊಳಗಿಂದ ಹಾದು ಅದನ್ನು ಅಳತೆಗೆ ಅಗಲಿಸುತ್ತದೆ. ಕತ್ತು ಒಣಗಿದ್ದರೆ ಗುಂಡಿ ಕಿರುಗುಟ್ಟಿಕೊಂಡು ಕತ್ತನ್ನೂ ಭುಜವನ್ನೂ ಜಗ್ಗುತ್ತದೆ. ಡೈ ಹಿಂದಕ್ಕೆ ತಳ್ಳಿದ್ದನ್ನು ಗುಂಡಿ ಮುಂದಕ್ಕೆ ಎಳೆಯುತ್ತದೆ. ಗುಂಡಿಯ ಕಡ್ಡಿಯನ್ನು ಬಿಚ್ಚಿಟ್ಟು ಐದು ಕೇಸು, ಕೂರಿಸಿ ಐದು ಕೇಸು ಒತ್ತಿ ನೋಡಿದೆವು. ಗುಂಡಿ ಇದ್ದಾಗ ಒಂದೂವರೆ ಥೌ ಹೆಚ್ಚು ಚೆದುರಿತು. ಅಂದಿನಿಂದ ಕೇಸುಗಳನ್ನು ಚೀಲದಲ್ಲಿ ಹಾಕಿ ಹೊರಳಾಡಿಸಿ ಜಿಡ್ಡು ಹಚ್ಚುವುದು, ಹತ್ತು ನಿಮಿಷ ಆರಲು ಬಿಡುವುದು, ಕತ್ತಿನೊಳಗೆ ಗ್ರಾಫೈಟ್ ಪುಡಿ ಸವರುವುದು ಎಂದಾಯಿತು. ಡಾಕ್ಟರ ಮಗಳು ಕೆಳಗಿಳಿದು ಬಂದು, "ಅಂಕಲ್, ಅಡಿಗೆಮನೆಯ ಜಿಪ್‌ಲಾಕ್ ಬ್ಯಾಗ್ ಎಲ್ಲ ಖಾಲಿ," ಎಂದು ದೂರಿದಳು.

ಈ ಹುಡುಗಿಯ ವಿಷಯ ಈಗ ಹೇಳಬೇಕು. ಹುಡುಗಿ ಎಂದರೂ ಮೂವತ್ತು ದಾಟಿದವಳು, ಇಲ್ಲೇ ಹುಟ್ಟಿ ಬೆಳೆದವಳು. ಡಾಕ್ಟರ ಕೈ ಆ ವರ್ಷದಿಂದ ಸಣ್ಣಗೆ ನಡುಗತೊಡಗಿತ್ತು. ರೈಫಲ್ಲನ್ನು ಮಗಳಿಗೆ ಕೊಡುವುದೆಂದು ನಿಶ್ಚಯಿಸಿದ್ದರು. ನವೆಂಬರ್ ಕೊನೆಯ ಶನಿವಾರ ಅವಳು ಮೊದಲ ಸಲ ಒಬ್ಬಳೇ ಕಾಡಿಗೆ ಹೋಗುವವಳು. ಅವಳಿಗೆಂದು ಡಾಕ್ಟರು ಇಪ್ಪತ್ತು ಕೇಸುಗಳನ್ನು ಬೇರೆ ಡಬ್ಬಿಯಲ್ಲಿ ಆರಿಸಿಟ್ಟಿದ್ದರು. ಆರಿಸಿದ ರೀತಿ ಹೇಗೆಂದರೆ, ಯಾವುದನ್ನು ಚೇಂಬರಿಗೆ ಹಾಕಿದಾಗ ಬೋಲ್ಟು ಬೆಣ್ಣೆಯ ಹಾಗೆ ಮುಚ್ಚಿಕೊಳ್ಳುತ್ತದೋ ಅದು ಮಗಳಿಗೆ. ಯಾವುದು ಬಿಗಿಯಾಗಿ ತಕರಾರು ಮಾಡುತ್ತದೋ ಅದು ತಮಗೆ. ಯಾವ ತಂದೆಯಾದರೂ ಹೀಗೇ ಮಾಡಿಯಾನು.

ಮೂರನೆಯ ವಾರ ಪ್ರೆಸ್ಸು. ಹಿಡಿಕೆ ಪೂರ್ತಿ ಒತ್ತಿದಾಗ ಕೇಸು ಹಿಡಿದ ಷೆಲ್ ಹೋಲ್ಡರ್ ಡೈಯ ತಳಕ್ಕೆ ತಾಗಬೇಕು. ಕೇಸಿಲ್ಲದೆ ಒತ್ತಿದರೆ ಚೆನ್ನಾಗಿಯೇ ತಾಗುತ್ತಿತ್ತು. ಕೇಸು ಇಟ್ಟು ಒತ್ತುವಾಗ ಹಿಂದಿನಿಂದ ಟಾರ್ಚು ಹಿಡಿದೆ. ನಡುವೆ ಬೆಳಕಿನ ಗೆರೆ ಕಂಡಿತು. ಕೆಲವು ಕೇಸಿಗೆ ಗೆರೆ ಸಣ್ಣದು, ಕೆಲವಕ್ಕೆ ದಪ್ಪ. ಎರಕದ ಕಬ್ಬಿಣದ ಪ್ರೆಸ್ಸೂ ಭಾರ ಬಿದ್ದಾಗ ಒಂದಿಷ್ಟು ಬಾಯಿ ಬಿಡುತ್ತದೆ. ಗಟ್ಟಿ ಕೇಸಿಗೆ ಹೆಚ್ಚು, ಮೆತ್ತಗಿನದಕ್ಕೆ ಕಡಿಮೆ. ಅದರ ಮೇಲೆ ಡಾಕ್ಟರು ಒತ್ತುವುದು ಬಾವಿಯ ಗಡಗಡೆ ಎಳೆದಂತೆ, ಭರ್ರನೆ ಒಂದು, ನಿಧಾನ ಒಂದು. ಹಿಡಿಕೆಯನ್ನು ತಳದಲ್ಲಿ ನಾಲ್ಕು ಎಣಿಸುವವರೆಗೆ ಹಿಡಿದು ಬಿಡಿ ಎಂದೆ. ಹಿತ್ತಾಳೆಗೆ ಹೊಸ ಆಕಾರ ಒಪ್ಪಿಕೊಳ್ಳಲು ಒಂದು ಕ್ಷಣ ಬೇಕು. ಚೆದುರುವಿಕೆ ಇನ್ನಷ್ಟು ಇಳಿಯಿತು. ಆದರೂ ಐದು ಥೌ ಉಳಿದೇ ಉಳಿಯಿತು.

ಆಗ ಕೇಳಿದೆ, "ಡಾಕ್ಟ್ರೇ, ಈ ಕೇಸುಗಳೆಲ್ಲ ಎಲ್ಲಿಂದ ಬಂದವು?"

ದೊಡ್ಡದೊಂದು ಗಾಜಿನ ಜಾಡಿ ತಂದು ಸುರಿದರು. ಒಟ್ಟು 87. ಬುಡದ ಮುದ್ರೆ ನೋಡಿ ಬೇರೆ ಮಾಡಿದೆವು. 38 ಅವರೇ ಹೊಸ ತೋಟಾ ಕೊಂಡು ಹಾರಿಸಿ ಉಳಿಸಿದವು, ಮೂರೋ ನಾಲ್ಕೋ ಸಲ ಮರುತುಂಬಿದವು. 31 ಯಾರೋ ಹಳೆಯ ಗೆಳೆಯ ಕೊಟ್ಟವು, ಎಷ್ಟು ಸಲ ಹಾರಿದವೋ ದೇವರೇ ಬಲ್ಲ. 18 ಸೈನ್ಯದವು, ಬುಡದಲ್ಲಿ ವೃತ್ತದೊಳಗೆ ಕೂಡು ಗುರುತಿನ ನೇಟೋ ಮುದ್ರೆ. ಎಲ್ಲವನ್ನೂ ಡಾಕ್ಟರು ಒಂದೇ ಜಾಡಿಯಲ್ಲಿಟ್ಟು ಒಂದೇ ಡೈಯಲ್ಲಿ ಒತ್ತುತ್ತಿದ್ದರು. ನೋಟ್‌ಬುಕ್ಕಿನಲ್ಲಿದ್ದ ಜಾತ್ರೆ ಈಗ ಮೂರು ಕೇರಿಯಾಗಿ ಬೇರ್ಪಟ್ಟಿತು. ಮೊದಲ ಗುಂಪು 1.622ರಿಂದ 1.624ರೊಳಗೆ. ಎರಡನೆಯದು 1.627ರಿಂದ 1.631. ಸೈನ್ಯದವು ನಡುವೆ ಎಲ್ಲೋ. ಡೈ ತಪ್ಪು ಮಾಡಿರಲಿಲ್ಲ. ಒಂದೇ ಮಾತನ್ನು ಮೂರು ಬಗೆಯ ಜನಕ್ಕೆ ಹೇಳಿ ಮೂರು ಬಗೆಯ ಉತ್ತರ ಪಡೆದಿತ್ತು.

ಇದರ ಮರ್ಮ ನಮ್ಮೂರಿನ ಕಂಚುಗಾರನಿಗೆ ಗೊತ್ತಿತ್ತು. ಹಂಡೆ ಬಡಿಯುವಾಗ ಆತ ಒಂದಷ್ಟು ಹೊತ್ತು ತಟ್ಟಿ, ಮತ್ತೆ ಕುಲುಮೆಯಲ್ಲಿ ಕಾಸಿ, ನೀರಲ್ಲದ್ದಿ, ಮತ್ತೆ ತಟ್ಟುತ್ತಿದ್ದ. ಕಾಸದೆ ಬಡಿಯುತ್ತ ಹೋದರೆ ತಗಡು ಗಡುಸಾಗಿ ಸೀಳುತ್ತದೆ. ತೋಟಾದ ಕೇಸು 70 ಪಾಲು ತಾಮ್ರ, 30 ಪಾಲು ಸತುವಿನ ಹಿತ್ತಾಳೆ. ಪ್ರತಿ ಸಲ ಹಾರುವಾಗಲೂ ಅದು ಹಿಗ್ಗುತ್ತದೆ, ಪ್ರತಿ ಸಲ ಡೈಯಲ್ಲಿ ಕುಗ್ಗುತ್ತದೆ. ಕಂಚುಗಾರನ ಸುತ್ತಿಗೆಯೂ ಇದೇ, ಡೈಯೂ ಇದೇ. ಗಡುಸಾದ ಹಿತ್ತಾಳೆಯನ್ನು ಒತ್ತಿ ಬಿಟ್ಟರೆ ಅದು ಸ್ವಲ್ಪ ವಾಪಸ್ಸು ಪುಟಿಯುತ್ತದೆ. ಮೆತ್ತಗಿನದು ಒತ್ತಿದಲ್ಲೇ ಇರುತ್ತದೆ. ಇನ್ನೊಂದು ವಿಚಿತ್ರವೂ ಉಂಟು. ಡೈಯೊಳಗೆ ಹೋಗುವಾಗ ಮೊದಲು ಕೇಸಿನ ಮೈ ಹಿಂಡಲ್ಪಡುತ್ತದೆ. ಮುಷ್ಟಿಯಲ್ಲಿ ರಾಗಿ ಮುದ್ದೆ ಹಿಂಡಿದರೆ ಮೇಲಕ್ಕೆ ಉಕ್ಕುವುದಿಲ್ಲವೇ, ಹಾಗೆ ಭುಜ ಮೊದಲು ಮುಂದಕ್ಕೆ ಬರುತ್ತದೆ. ಕೊನೆಯ ಎಳೆಯಷ್ಟು ಒತ್ತಿನಲ್ಲಿ ಮಾತ್ರ ಹಿಂದಕ್ಕೆ ಹೋಗುತ್ತದೆ. ಗಡುಸು ಕೇಸು, ಬಾಯಿಬಿಡುವ ಪ್ರೆಸ್ಸು, ಅವಸರದ ಕೈ ಮೂರೂ ಸೇರಿದರೆ ಹಾರಿಸಿದ್ದಕ್ಕಿಂತ ಒಂದು ಥೌ ಉದ್ದವಾಗಿಯೇ ಹೊರಗೆ ಬರುತ್ತದೆ. 1.631 ಬಂದದ್ದು ಹೀಗೆ. ಬೋಲ್ಟು ಬಿಗಿಯಾದದ್ದೂ ಹೀಗೆ.

ಅಷ್ಟಕ್ಕೇ ನಿಂತಿದ್ದರೆ ಅದೊಂದು ಕಿರಿಕಿರಿ ಮಾತ್ರ. ಆದರೆ ಡಾಕ್ಟರು ಏನು ಮಾಡಿದ್ದರೆಂದರೆ, ಅತ್ಯಂತ ಹಟಮಾರಿ ಕೇಸೂ ಚೇಂಬರಿಗೆ ಹೋಗುವವರೆಗೆ ಡೈಯನ್ನು ಕೆಳಕ್ಕೆ ತಿರುಗಿಸುತ್ತ ಬಂದಿದ್ದರು. ಹಟಮಾರಿಗೆ ಹೊಡೆದ ಪೆಟ್ಟು ಮೆತ್ತಗಿದ್ದವರ ಮೇಲೆ ಬಿದ್ದಿತ್ತು. ಮೊದಲ ಗುಂಪಿನ ಭುಜ ಎರಡು ಥೌ ಹಿಂದೆ ಹೋಗುವ ಬದಲು ಎಂಟು ಥೌವರೆಗೂ ಹೋಗುತ್ತಿತ್ತು. ಸಹಜವಾಗಿಯೇ ಅವು ಚೇಂಬರಿನಲ್ಲಿ ಸಡಿಲವಾಗಿ, ಬೆಣ್ಣೆಯ ಹಾಗೆ ಕೂರುತ್ತಿದ್ದವು.

ನನ್ನ ಎದೆ ಸ್ವಲ್ಪ ಹೊಡೆದುಕೊಂಡಿತು. "ಮಗಳ ಡಬ್ಬಿ ತನ್ನಿ," ಎಂದೆ.

ಇಪ್ಪತ್ತಕ್ಕೆ ಇಪ್ಪತ್ತೂ ಮೊದಲ ಗುಂಪಿನವು.

ಸಡಿಲವಾಗಿ ಕೂತ ತೋಟಾ ಹಾರುವಾಗ ಆಗುವುದಿಷ್ಟು. ಮೊಳೆ ಹೊಡೆದ ರಭಸಕ್ಕೆ ಕೇಸು ಮುಂದಕ್ಕೆ ಜರುಗುತ್ತದೆ. ಮದ್ದು ಹೊತ್ತಿಕೊಂಡಾಗ ಮುಂಭಾಗದ ತೆಳು ಗೋಡೆ ಚೇಂಬರನ್ನು ಗಟ್ಟಿಯಾಗಿ ಅಪ್ಪಿಕೊಳ್ಳುತ್ತದೆ. ದಪ್ಪ ಬುಡ ಅಪ್ಪಿಕೊಳ್ಳಲಾರದು, ಅದು ಹಿಂದಕ್ಕೆ ಬೋಲ್ಟಿನವರೆಗೆ ತಳ್ಳಲ್ಪಡುತ್ತದೆ. ನಡುವಿನ ಹಿತ್ತಾಳೆ ಹಿಗ್ಗಲೇಬೇಕು. ಬುಡದಿಂದ ಸುಮಾರು ಕಾಲು ಇಂಚು ಮೇಲೆ, ಗೋಡೆ ತೆಳ್ಳಗಾಗತೊಡಗುವ ಜಾಗದಲ್ಲಿ ಅದು ಪ್ರತಿ ಸಲವೂ ಇಷ್ಟಿಷ್ಟೇ ಸವೆಯುತ್ತದೆ. .308ರ ಒಳಗೆ ಏಳುವ ಒತ್ತಡಕ್ಕೆ ಅಮೆರಿಕದ ತಯಾರಕರ ಮಂಡಳಿ ಇಟ್ಟಿರುವ ಮಿತಿ ಚದರ ಇಂಚಿಗೆ 62,000 ಪೌಂಡು. ಸವೆದ ಜಾಗ ಒಂದು ದಿನ ಕಳಚಿಕೊಂಡರೆ ಆ ಬಿಸಿ ಅನಿಲ ಹಿಂದಕ್ಕೆ ನುಗ್ಗುತ್ತದೆ. ಹಿಂದೆ ಇರುವುದು ಹಾರಿಸುವವರ ಕಣ್ಣು.

ಒಂದು ಪೇಪರ್ ಕ್ಲಿಪ್ಪಿನ ತುದಿಯನ್ನು ಸಣ್ಣ ಕೊಕ್ಕೆಯಾಗಿ ಬಗ್ಗಿಸಿ ಕೇಸಿನೊಳಗೆ ಬಿಟ್ಟು ಬುಡದಿಂದ ಗೋಡೆಯ ಗುಂಟ ಮೇಲಕ್ಕೆ ಎಳೆದೆ. ಮೊದಲನೆಯದರಲ್ಲಿ ಏನೂ ಸಿಕ್ಕಲಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದರಲ್ಲಿ ಕೊಕ್ಕೆ ಒಂದು ಕಡೆ ಟಕ್ಕೆಂದು ಸಿಕ್ಕಿಕೊಂಡಿತು. ಡಾಕ್ಟರ ಕೈಗೆ ಕೊಟ್ಟೆ. ಅವರು ಜೀವಮಾನವೆಲ್ಲ ಬೆರಳಿನಿಂದಲೇ ಒಳಗಿನದನ್ನು ಬಲ್ಲವರು. ಎರಡು ಸಲ ಎಳೆದು ನೋಡಿ ಏನೂ ಮಾತಾಡಲಿಲ್ಲ.

ಆ ಕೇಸನ್ನು ವೈಸಿಗೆ ಸಿಕ್ಕಿಸಿ ಹ್ಯಾಕ್‌ಸಾ ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಎಮೆರಿ ಕಾಗದದಲ್ಲಿ ಉಜ್ಜಿ ದೀಪದ ಕೆಳಗೆ ಹಿಡಿದೆವು. ಬುಡದ ಮೇಲೆ ಗೋಡೆಯ ಒಳಮೈಯಲ್ಲಿ ಉಗುರಿನಿಂದ ಗೀರಿದಂಥ ಒಂದು ಕೊರಕಲು ಸುತ್ತಲೂ ಹೋಗಿತ್ತು. ಅಲ್ಲಿ ಗೋಡೆ ಉಳಿದದ್ದು ಅರ್ಧಕ್ಕಿಂತ ಕಡಿಮೆ. ಹೊರಗಡೆ ಅದೇ ಮಟ್ಟದಲ್ಲಿ ಬಳೆಯಂಥ ಒಂದು ಹೊಳಪಿನ ಗೆರೆ. ಡಾಕ್ಟರು ಅದನ್ನು ಮೊದಲೇ ನೋಡಿದ್ದರಂತೆ, ಡೈಯ ಗುರುತು ಅಂದುಕೊಂಡಿದ್ದರಂತೆ.

ಉಳಿದದ್ದನ್ನು ಎಣಿಸಿದೆವು. 38ರಲ್ಲಿ ಏಳಕ್ಕೆ ಕೊರಕಲು ಸ್ಪಷ್ಟವಾಗಿತ್ತು. ಅವುಗಳಲ್ಲಿ ನಾಲ್ಕು ಮಗಳ ಡಬ್ಬಿಯವು.

"ಮಿಕ್ಕಿದ್ದು 31 ಸರಿ ಇದೆಯಲ್ಲ ಗೌಡ್ರೇ," ಎಂದರು ಡಾಕ್ಟರು ಸ್ವಲ್ಪ ಹೊತ್ತಿನ ಮೇಲೆ. ಕೇಸು ಎಸೆಯುವುದೆಂದರೆ ಅವರಿಗೆ ಅನ್ನ ಚೆಲ್ಲಿದ ಹಾಗೆ.

"ನಿಮ್ಮಲ್ಲಿ ಒಂದೇ ಕೇರಿಯಲ್ಲಿ ಏಳು ಜನಕ್ಕೆ ಕ್ಷಯ ಬಂದ್ರೆ ಮಿಕ್ಕಿದವರಿಗೆ ಹುಷಾರಾಗಿದ್ದೀರಿ ಅಂತ ಸರ್ಟಿಫಿಕೇಟ್ ಬರ್ಕೊಡ್ತೀರಾ?" ಎಂದೆ. ಅವೂ ಅದೇ ಡೈಯ ಅದೇ ಪೆಟ್ಟು ತಿಂದವು. ಕೊಕ್ಕೆಗೆ ಸಿಕ್ಕದಿರುವುದು ಅವು ಗಟ್ಟಿ ಎನ್ನುವುದಕ್ಕೆ ಸಾಕ್ಷಿಯಲ್ಲ.

ವಾದ ಅರ್ಧ ಗಂಟೆ ನಡೆಯಿತು. ಮೇಲಿನಿಂದ ಕಾಫಿ ಬಂತು. ಕೊನೆಗೆ ಡಾಕ್ಟರೇ ಇಕ್ಕಳ ತೆಗೆದುಕೊಂಡು 38 ಕೇಸುಗಳ ಬಾಯಿಯನ್ನೂ ಒಂದೊಂದಾಗಿ ಜಜ್ಜಿದರು, ಯಾರೂ ಮತ್ತೆ ಎತ್ತಿ ತುಂಬಬಾರದೆಂದು. ನಡುಗುವ ಕೈಯಲ್ಲಿ ಅದಕ್ಕೆ ಬಹಳ ಹೊತ್ತು ಹಿಡಿಯಿತು. ಸಹಾಯ ಮಾಡಲು ಹೋದರೆ ಬಿಡಲಿಲ್ಲ. ಸೈನ್ಯದ 18ನ್ನೂ ಅದರೊಂದಿಗೇ ಕಳಿಸಿದೆವು. ಆ ಕೇಸುಗಳ ಗೋಡೆ ಸಾಮಾನ್ಯವಾಗಿ ದಪ್ಪ, ಒಳಗಿನ ಜಾಗ ಕಡಿಮೆ. ಉಳಿದವಕ್ಕೆ ತುಂಬುವಷ್ಟೇ ಮದ್ದನ್ನು ಇವಕ್ಕೆ ತುಂಬಿದರೆ ಒತ್ತಡ ಏರುತ್ತದೆ. ಎಲ್ಲವನ್ನೂ ಒಂದೇ ಜಾಡಿಯಲ್ಲಿ ಇಟ್ಟುಕೊಳ್ಳುವವರ ಮನೆಯಲ್ಲಿ ಅವು ಇರುವುದು ಬೇಡ.

ಇಷ್ಟು ದಿನ ಕೆಟ್ಟವು ಎಂದು ಬೈಸಿಕೊಂಡ ಎರಡನೆಯ ಗುಂಪಿನ ಗತಿ ಮಾತ್ರ ಬೇರೆಯಾಯಿತು. ಅವು ಹಟ ಮಾಡಿದ್ದರಿಂದಲೇ ಭುಜ ಹಿಂದೆ ಹೋಗಿರಲಿಲ್ಲ. ಭುಜ ಹಿಂದೆ ಹೋಗದ್ದರಿಂದಲೇ ಬುಡ ಸವೆದಿರಲಿಲ್ಲ. ಕೊಕ್ಕೆ ಎಲ್ಲೂ ಸಿಕ್ಕಲಿಲ್ಲ, ಎರಡನ್ನು ಸೀಳಿ ನೋಡಿದರೂ ಗೋಡೆ ಚೆನ್ನಾಗಿತ್ತು. ಅವಕ್ಕೆ ಬೇಕಾಗಿದ್ದದ್ದು ಕಂಚುಗಾರನ ಬೆಂಕಿ. ದೀಪ ಆರಿಸಿ, ಕೇಸನ್ನು ಆಳವಾದ ಸಾಕೆಟ್ಟಿನಲ್ಲಿಟ್ಟು ಡ್ರಿಲ್ಲಿನಿಂದ ಮೆಲ್ಲಗೆ ತಿರುಗಿಸುತ್ತ, ಗ್ಯಾಸ್ ಟಾರ್ಚಿನ ಜ್ವಾಲೆಯನ್ನು ಕತ್ತು-ಭುಜಕ್ಕೆ ಮಾತ್ರ ಹಿಡಿದೆವು. ಕತ್ತಲಲ್ಲಿ ಕಂಡೂ ಕಾಣದಂಥ ಮಸುಕು ಕೆಂಪು ಬಂದ ತಕ್ಷಣ ಹೊರಗೆ. ಕೆಲವೇ ಸೆಕೆಂಡಿನ ಕೆಲಸ. ಬುಡಕ್ಕೆ ಬಿಸಿ ತಾಗಕೂಡದು. ಒತ್ತಡ ತಡೆಯುವುದು ಬುಡದ ಗಡಸುತನ. ಅದನ್ನು ಮೆತ್ತಗೆ ಮಾಡಿದರೆ ಕೇಸು ಬಾಂಬು. ಉಕ್ಕಿನ ಹಾಗೆ ಇದನ್ನು ನಿಧಾನವಾಗಿ ಆರಿಸಬೇಕಾದ್ದೂ ಇಲ್ಲ, ನೀರಿಗೆ ಹಾಕಿದರೂ ಹಿತ್ತಾಳೆ ಮೆತ್ತಗೇ ಇರುತ್ತದೆ. ಉಳಿದ 29ರಲ್ಲಿ ಹತ್ತನ್ನು ಹೀಗೆ ಕಾಸಿ, ಹತ್ತನ್ನು ಕಾಸದೆ ಒಂದೇ ಹೊಂದಿಕೆಯಲ್ಲಿ ಒತ್ತಿದೆವು. ಕಾಸದವು ನಾಲ್ಕು ಥೌ ಚೆದುರಿದವು. ಕಾಸಿದವು ಒಂದೂವರೆ ಥೌ ಒಳಗೆ ಸಾಲಾಗಿ ನಿಂತವು. ಡಾಕ್ಟರು ಮೊದಲ ಸಲ ನಕ್ಕರು.

ಮಗಳಿಗೆ ಹೊಸ ಹಿತ್ತಾಳೆಯೇ ಬಂತು, ಒಂದೇ ಮುದ್ರೆಯ ಐವತ್ತು. ಒಮ್ಮೆ ರೇಂಜಿನಲ್ಲಿ ಹಾರಿಸಿ, ಕೇಪು ತೆಗೆದು ಅಳೆದರೆ ಎಲ್ಲವೂ 1.630ರ ಆಸುಪಾಸು. ಡೈಯನ್ನು ಮೇಲಕ್ಕೆತ್ತಿ ಮತ್ತೆ ಮೊದಲಿನಿಂದ ಹೊಂದಿಸಿದೆವು. ಈ ಡೈಗಳ ಮರೆ ಇಂಚಿಗೆ 14 ಸುತ್ತು. ಅಂದರೆ ಒಂದು ಸುತ್ತಿಗೆ 71 ಥೌ. ಗಡಿಯಾರದ ದೊಡ್ಡ ಮುಳ್ಳು ಒಂದು ನಿಮಿಷ ಸರಿಯುವಷ್ಟು ತಿರುಗಿಸಿದರೆ ಒಂದು ಥೌ ಚಿಲ್ಲರೆ. 'ಸ್ವಲ್ಪ ತಿರುಗಿಸಿ' ಎನ್ನುವ ಮಾತಿಗೆ ಇಲ್ಲಿ ಜಾಗವಿಲ್ಲ. ಡೈಯ ತಲೆಯ ಮೇಲೆ ಮಾರ್ಕರಿನಿಂದ ಒಂದು ಗೆರೆ ಎಳೆದು ನಿಮಿಷದ ಲೆಕ್ಕದಲ್ಲಿ ಇಳಿಸುತ್ತ ಬಂದೆವು. 1.628ಕ್ಕೆ ಬಂದಾಗ ಬೀಗದ ಬಳೆಯನ್ನು ಬಿಗಿ ಮಾಡಿದೆ. ಬೋಲ್ಟು ಬೆಣ್ಣೆಯ ಹಾಗೆ ಮುಚ್ಚಲಿಲ್ಲ. ಕೊನೆಯಲ್ಲಿ ತುಪ್ಪ ಹೆಪ್ಪುಗಟ್ಟಿದಷ್ಟು ಒಂದು ಹಿಡಿತ ಇತ್ತು. "ಇದೇ ಇರಬೇಕಾದ್ದು," ಎಂದೆ.

ಆ ಇಪ್ಪತ್ತನ್ನು ಒತ್ತಿದವಳು ಮಗಳೇ. ಹಿಡಿಕೆ ತಳಕ್ಕೆ ಬಂದಾಗ ನಾಲ್ಕು ಎಣಿಸಬೇಕೆಂದು ಹೇಳಿದ್ದೆ. ಇಂಗ್ಲಿಷಿನಲ್ಲಿ ಬೇಗ ಬೇಗ ಎಣಿಸುತ್ತಿದ್ದಳು. ಡಾಕ್ಟರು ತಡೆದು ಕೊಡವ ತಕ್ಕಿನಲ್ಲಿ ಎಣಿಸಲು ಹೇಳಿದರು. ಅವಳಿಗೆ ನೆನಪು ಮಾಡಿಕೊಂಡು ಹೇಳಲು ಸರಿಯಾಗಿ ಬೇಕಾದಷ್ಟೇ ಹೊತ್ತು ಹಿಡಿಯುತ್ತಿತ್ತು. ನಾನು ಅಳೆದೆ, ಡಾಕ್ಟರು ಬರೆದುಕೊಂಡರು. ಇಪ್ಪತ್ತರಲ್ಲಿ ಹತ್ತೊಂಬತ್ತು ಒಂದು ಥೌ ಒಳಗೆ. ಒಂದು ಮಾತ್ರ ಅದಕ್ಕೂ ಅರ್ಧ ಥೌ ಹೊರಗೆ. ಅದನ್ನು ತೆಗೆದಿಟ್ಟು ಇನ್ನೊಂದು ಒತ್ತಿದಳು.

ಶನಿವಾರ ನಸುಕಿನಲ್ಲಿ ತಲೆಗೂ ಎದೆಗೂ ಕಿತ್ತಳೆ ಬಣ್ಣ ಧರಿಸಿ ಹೋದವಳು ಕತ್ತಲಾಗುವ ಹೊತ್ತಿಗೆ ಬಂದಳು. ಜಿಂಕೆ ಸಿಕ್ಕಲಿಲ್ಲ. ದೂರದಲ್ಲಿ ಒಂದು ಕಂಡಿತಂತೆ, ನಡುವೆ ಪೊದೆ ಇತ್ತಂತೆ. ಗುರಿ ನೋಡಿಕೊಳ್ಳಲು ಹಿಂದಿನ ದಿನ ಮೂರು ಹಾರಿಸಿದ್ದಳು. ಆ ಮೂರು ಖಾಲಿ ಕೇಸುಗಳನ್ನು ಜೇಬಿನಿಂದ ತೆಗೆದು ಅಪ್ಪನ ಮುಂದಿಟ್ಟಳು. ಡಾಕ್ಟರು ಕೇಪು ಹೊರಗೆ ಹಾಕಿ, ಕ್ಯಾಲಿಪರು ತೆಗೆದುಕೊಂಡು ಒಂದೊಂದನ್ನೂ ಸುತ್ತಿಸಿ ಸುತ್ತಿಸಿ ಅಳೆದರು. ಆಮೇಲೆ ಕೊಕ್ಕೆಯನ್ನು ಒಳಗೆ ಬಿಟ್ಟು ಬುಡದಿಂದ ಮೇಲಕ್ಕೆ ಎಳೆದರು. ಏನೂ ಸಿಕ್ಕಲಿಲ್ಲ. ಡಬ್ಬಿಯ ಮುಚ್ಚಳದ ಮೇಲೆ ಮುದ್ರೆಯ ಹೆಸರು, ಎಷ್ಟನೆಯ ಸಲ, ಭುಜ ಎಷ್ಟು ಎಂದು ಬರೆದು, 'ತುಂಬಿದವು 17, ಖಾಲಿ 3' ಎಂದು ಸೇರಿಸಿ, ಜಾಡಿಯಲ್ಲಿ ಹಾಕದೆ ಕಪಾಟಿನಲ್ಲಿಟ್ಟರು.